ಮಕ್ಕಳ ಕೈಗೆ ಮೊಬೈಲ್ ಕೊಡುವ ಮುನ್ನ

ಹೋಂವರ್ಕ್ ಈಗ ವಾಟ್ಸ್‌ಆ್ಯಪ್ ಗ್ರೂಪಿಗೇ ಬರುತ್ತದೆ. ಮಕ್ಕಳಿಗೆ ಮೊಬೈಲೇ ಬೇಡ ಎಂದು ಹಟ ಹಿಡಿದರೆ ನಡೆಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಗು ಹಿಡಿಯುವುದು ಅಪ್ಪನ ಅಥವಾ ಅಮ್ಮನ ಫೋನನ್ನೇ. ಅದರಲ್ಲಿ ಬ್ಯಾಂಕ್ ಆ್ಯಪೂ ಇರುತ್ತದೆ, ಮನೆಮಂದಿಯ ಫೋಟೊಗಳೂ ಇರುತ್ತವೆ.

ಹಾಗಾಗಿ ಮೊದಲು ದುಡ್ಡಿನ ಕಡೆ ನೋಡಿ. ಹಾಲು ತರಲು ಅಂಗಡಿಗೆ ಕಳಿಸುವಾಗಲೂ ಯುಪಿಐ ಪಿನ್ ಹೇಳಿಕೊಡಬೇಡಿ, ಚಿಲ್ಲರೆ ಕೊಟ್ಟು ಕಳಿಸಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಸೆಟ್ಟಿಂಗ್ ಮಾಡಿ. ಗೇಮ್ ಆಡುವಾಗ ‘ಫ್ರೀ ಡೈಮಂಡ್ ಕೊಡ್ತೀನಿ, ಒಟಿಪಿ ಹೇಳು’ ಅನ್ನುವವರು ಸಿಗುತ್ತಾರೆ. ನಮಗೆ ದುಡ್ಡು ಬರಬೇಕಾದರೆ ಪಿನ್ನೂ ಬೇಡ, ಒಟಿಪಿಯೂ ಬೇಡ ಎಂದು ಮಕ್ಕಳಿಗೆ ಬಿಡಿಸಿ ಹೇಳಿ.

ಮಗುವಿಗೆ ಬೇರೆ ಫೋನೋ ಟ್ಯಾಬೋ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿಕೊಳ್ಳಿ. ಹೊಸ ಆ್ಯಪ್ ಹಾಕಲು ನಿಮ್ಮ ಒಪ್ಪಿಗೆ ಬೇಕು ಎಂದು ಅದರಲ್ಲಿ ಇಡಬಹುದು, ದಿನಕ್ಕೆ ಎಷ್ಟು ಹೊತ್ತು ಎಂದೂ ನಿಗದಿ ಮಾಡಬಹುದು. ಚಿಕ್ಕವರಿಗೆ ಯೂಟ್ಯೂಬ್ ಕಿಡ್ಸ್ ಸಾಕು.

ಇನ್‌ಸ್ಟಾಗ್ರಾಂಗೆ 13 ವರ್ಷ ತುಂಬಿರಬೇಕು. ಆದರೆ ಮಗು ಅತ್ತಿತೆಂದು ಎಷ್ಟೋ ಮನೆಯಲ್ಲಿ ದೊಡ್ಡವರೇ ಪಕ್ಕದಲ್ಲಿ ಕೂತು ಹುಟ್ಟಿದ ವರ್ಷ ಬದಲಿಸಿ ಕೊಡುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಹದಿಹರೆಯದವರ ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಅಪರಿಚಿತರು ಸುಮ್ಮನೆ ಮೆಸೇಜ್ ಕಳಿಸಲು ಬಿಡುವುದಿಲ್ಲ. 10 ವರ್ಷದ ಮಗುವನ್ನು 20 ಎಂದು ತೋರಿಸಿದರೆ ಆ ರಕ್ಷಣೆ ಯಾವುದೂ ಸಿಗುವುದಿಲ್ಲ.

ಇನ್ನೊಂದು ಮಾತು. ಮಕ್ಕಳಿಂದಲೂ ಬೇರೆ ಮಕ್ಕಳಿಗೆ ನೋವಾಗುತ್ತದೆ. ಕ್ಲಾಸಿನ ಹುಡುಗಿಯ ಫೋಟೊವನ್ನು ಸ್ಟಿಕ್ಕರ್ ಮಾಡಿ ಗ್ರೂಪಿಗೆ ಹಾಕುವುದು ತಮಾಷೆಯಲ್ಲ. ‘ಅವಳನ್ನ ಕೇಳಿದ್ಯಾ?’ ಎಂದು ಪ್ರತಿ ಸಲ ಕೇಳಿ. ಯೂನಿಫಾರ್ಮ್ ಹಾಕಿದ ಮಗುವಿನ ಫೋಟೊವನ್ನು ಶಾಲೆಯ ಹೆಸರು ಕಾಣುವಂತೆ ಸ್ಟೇಟಸ್‌ಗೆ ಹಾಕುವ ನಾವೂ ಬದಲಾಗಬೇಕು, ಅಲ್ವಾ?

ಇದೆಲ್ಲಕ್ಕಿಂತ ಮುಖ್ಯವಾದದ್ದು ಮಾತು. ಯಾರೋ ಹೆದರಿಸುತ್ತಿದ್ದರೂ ಮಕ್ಕಳು ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಬೈಯುತ್ತಾರೆ, ಫೋನ್ ಕಿತ್ತುಕೊಳ್ಳುತ್ತಾರೆ ಎಂಬ ಭಯ. ಬೆದರಿಸುವವನಿಗೆ ಬಲ ಕೊಡುವುದೇ ಈ ಭಯ. ಅದಕ್ಕೇ ಏನೂ ಆಗದಿರುವಾಗಲೇ ಹೇಳಿಬಿಡಿ: ‘ತಪ್ಪು ನಿಂದೇ ಆಗಿದ್ರೂ ನಂಗೆ ಹೇಳು. ಬೈಯಲ್ಲ, ಫೋನ್ ಕಿತ್ಕೊಳ್ಳಲ್ಲ.’ ಮಗು ಬಂದು ಹೇಳಿದ ದಿನ ಆ ಮಾತಿನಂತೆ ನಡೆದುಕೊಳ್ಳಿ. ಕೋಪ ಬಂದರೂ ನುಂಗಿಕೊಳ್ಳಿ.

ಆಮೇಲೆ ಮಾಡಬೇಕಾದ್ದು ಇಷ್ಟು. ಬೆದರಿಸಿದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾನೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಮೆಸೇಜ್, ನಂಬರ್, ಪ್ರೊಫೈಲ್ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ನಂತರ ಬ್ಲಾಕ್ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಮಕ್ಕಳಿಗೆ ಲೈಂಗಿಕ ಕಿರುಕುಳವಾಗಿದ್ದರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098. ಈ ನಂಬರನ್ನು ಮಗುವಿಗೂ ಬಾಯಿಪಾಠ ಮಾಡಿಸಿ. ಅದು ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.