ಓಟವೋ ಬೌಲಿಂಗೋ ಅಂತ ಕೂತಾಗ ನಾನು ಹಿಡಿದಿದ್ದು

ನಲವತ್ತು ದಾಟಿದವರು ಹೊಸ ಹವ್ಯಾಸ ಬೇಕು ಅಂದರೆ ಬೆಂಗಳೂರಲ್ಲಿ ಎಲ್ಲರೂ ಕೊಡೋ ಸಲಹೆ ಒಂದೇ. ಓಡಿ. 2008ರಲ್ಲಿ ಶುರುವಾದ ವರ್ಲ್ಡ್ 10ಕೆ ಓಟದ ಟೀ ಶರ್ಟು ನಮ್ಮ ಆಫೀಸಲ್ಲಿ ಕಡಿಮೆ ಅಂದ್ರೂ ಅರ್ಧ ಜನರ ಹತ್ತಿರ ಇದೆ, ಅವರೆಲ್ಲ ನನ್ನನ್ನು ಸೇರಿಸಿಕೊಳ್ಳೋಕೆ ಕಾಯುತ್ತಿದ್ದರು. ನನಗೆ ಅದರ ಜೊತೆಗೆ ಬೌಲಿಂಗ್ ಮೇಲೂ ಒಂದು ಕಣ್ಣಿತ್ತು. ಕ್ರಿಕೆಟ್‌ದಲ್ಲ, ಮಾಲ್‌ಗಳಲ್ಲಿ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುತ್ತಾರಲ್ಲ, ಅದು. ಹಾಗಾಗಿ ಕೆಲವು ತಿಂಗಳು ಎರಡನ್ನೂ ಒಟ್ಟಿಗೆ ನಡೆಸಿದೆ.

ಓಟ ಶುರು ಮಾಡೋಕೆ ಏನೂ ಬೇಡ, ಒಂದು ಜೊತೆ ಒಳ್ಳೆ ಶೂ ಸಾಕು. ಐದು ನಿಮಿಷ ಬೀಸಾಗಿ ನಡೆದು, ಆಮೇಲೆ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ. ಪಕ್ಕದಲ್ಲಿ ಓಡುವವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ ಇರಬೇಕು, ಮಾತು ಕಟ್ಟಿದರೆ ಜೋರಾಯಿತು ಅಂತ ಅರ್ಥ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿಗಳಿರಲ್ಲ, ಬಿದಿರು ಮೆಳೆಗಳ ಹತ್ತಿರ ಓಡೋದು ನಿಜವಾಗಲೂ ಖುಷಿ. ಆದರೆ ಉಳಿದ ದಿನ ನಮ್ಮ ಏರಿಯಾದ ಫುಟ್‌ಪಾತು, ಎದ್ದಿರೋ ಕಲ್ಲು ಚಪ್ಪಡಿ, ಬೆಳಗಿನ ಜಾವದ ಬೀದಿನಾಯಿಗಳ ಗುಂಪು. ಮುಖ್ಯವಾಗಿ ನನಗೆ ಓಡುವಾಗ ಬರುತ್ತಿದ್ದ ಯೋಚನೆ ಒಂದೇ, ಇನ್ನೆಷ್ಟು ದೂರ ಇದೆ ಅಂತ. ಮುಗಿಸಿ ಮನೆಗೆ ಬಂದು ಕಾಫಿ ಕುಡಿಯೋದು ಮಾತ್ರ ಸೊಗಸು.

ಬೌಲಿಂಗ್ ಹಾಗಲ್ಲ. ರಾತ್ರಿ ಮಲಗಿದಾಗಲೂ ಬಿಟ್ಟುಹೋದ ಆ ಮೂಲೆ ಪಿನ್ನೇ ತಲೆಯಲ್ಲಿ.

ನೋಡುವವರಿಗೆ ಅದು ಸುಮ್ನೆ ಬರ್ತ್‌ಡೇ ಪಾರ್ಟಿ ಆಟ. ನಾನೂ ಮೊದಲು ಪಿನ್ ಕಡೆ ಗುರಿ ಇಟ್ಟು ಜೋರಾಗಿ ಎಸೆಯುತ್ತಿದ್ದೆ. ಅಲ್ಲಿ ಕೆಲಸ ಮಾಡೋ ಹುಡುಗ ಒಬ್ಬ ಸ್ವಲ್ಪ ಹೊತ್ತು ನೋಡಿ, "ಸರ್, ಪಿನ್ ನೋಡ್ಬೇಡಿ, ಬಾಣ ನೋಡಿ" ಅಂದ. ಚೆಂಡು ಬಿಡುವ ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ. ಆದರೆ ಹೆಚ್ಚುಕಡಿಮೆ 15 ಅಡಿ ದೂರದಲ್ಲೇ ಲೇನ್ ಮೇಲೆ, ಅಂದರೆ ಚೆಂಡು ಉರುಳೋ ಹಾದಿ ಮೇಲೆ, ಏಳು ಬಾಣದ ಗುರುತುಗಳಿರುತ್ತವೆ. ಬಲಗೈಯವರು ಬಲದಿಂದ ಎರಡನೇ ಬಾಣದ ಮೇಲೆ ಚೆಂಡು ಹಾಯಿಸೋಕೆ ನೋಡಬೇಕು. ಚೆಂಡು ಬಲಕ್ಕೆ ಹೋಗಿ ತಪ್ಪಿದರೆ ಮುಂದಿನ ಸಲ ನಿಲ್ಲುವ ಜಾಗವನ್ನು ಸ್ವಲ್ಪ ಬಲಕ್ಕೇ ಸರಿಸಬೇಕು, ಗುರಿ ಮಾತ್ರ ಅದೇ ಬಾಣ. ಕೇಳೋಕೆ ಉಲ್ಟಾ ಅನಿಸುತ್ತೆ, ಆದರೆ ಬಲಕ್ಕೆ ನಿಂತು ಅದೇ ಬಾಣದ ಮೇಲೆ ಹಾಯಿಸಿದರೆ ಚೆಂಡು ಎಡಕ್ಕೆ ಓರೆಯಾಗುತ್ತೆ, ಅಲ್ವಾ?

ಚೆಂಡು ಆರಿಸೋದರಲ್ಲೂ ವಿಷಯ ಇದೆ. ಅತಿ ಭಾರದ ಚೆಂಡು 16 ಪೌಂಡು, ಅಂದರೆ ಏಳು ಕಿಲೋ ಮೇಲೆ. ಗಂಡಸರು ಮರ್ಯಾದೆ ಪ್ರಶ್ನೆ ಅಂತ ಅದಕ್ಕೇ ಕೈ ಹಾಕುತ್ತಾರೆ. ನನಗೆ 12 ಪೌಂಡಿನದು ಸರಿಹೋಯಿತು. ಚೆಂಡಿನ ತೂತಿನೊಳಗೆ ಹೆಬ್ಬೆರಳು ಪೂರ್ತಿ ಹೋಗಬೇಕು, ಹೊರಗೆ ತೆಗೆಯುವಾಗ ಸಲೀಸಾಗಿ ಬರಬೇಕು. ನಡುಬೆರಳು, ಉಂಗುರದ ಬೆರಳು ಎರಡನೇ ಗೆಣ್ಣಿನ ತನಕ. ಹೆಬ್ಬೆರಳು ಬಿಗಿಯಾದರೆ ಚೆಂಡು ತಡವಾಗಿ ಬಿಡುತ್ತೆ, ಸಡಿಲವಾದರೆ ಅದನ್ನು ಹಿಸುಕಿ ಹಿಡಿದೇ ಕೈ ಸೋಲುತ್ತೆ.

ನನ್ನನ್ನು ನಿಜವಾಗಿ ಸೆಳೆದಿದ್ದು ಅಂಕದ ಲೆಕ್ಕ. ಒಂದು ಆಟಕ್ಕೆ ಹತ್ತು ಫ್ರೇಮು, ಅಂದರೆ ಹತ್ತು ಸರದಿ, ಪ್ರತಿ ಫ್ರೇಮಿಗೆ ಎರಡು ಎಸೆತ. ಪ್ರತಿ ಸಲ ಒಂಬತ್ತು ಪಿನ್ ಬೀಳಿಸಿ ಉಳಿದ ಒಂದನ್ನು ಬಿಡುತ್ತಾ ಹೋದರೆ ಕೊನೆಗೆ ಬರೋದು 90. ಆ ಒಂದೇ ಪಿನ್ನನ್ನು ಎರಡನೇ ಎಸೆತದಲ್ಲಿ ಪ್ರತಿ ಸಲ ತೆಗೆದರೆ, ಕೊನೆಯಲ್ಲಿ ಸಿಗೋ ಹೆಚ್ಚುವರಿ ಎಸೆತದಲ್ಲೂ ಒಂಬತ್ತು ಬಿದ್ದರೆ, 190. ಹೀಗೆ ಎರಡನೇ ಎಸೆತಕ್ಕೆ ಹತ್ತೂ ಬಿದ್ದರೆ ಅದು ಸ್ಪೇರ್, ಅದಾದಮೇಲಿನ ಎಸೆತದ ಅಂಕ ಹಿಂದಿನ ಫ್ರೇಮಿಗೂ ಸೇರುತ್ತಲ್ಲ, ಅದಕ್ಕೆ. ಒಂದೂ ಸ್ಟ್ರೈಕ್ ಇಲ್ಲದೆ, ಅಂದರೆ ಮೊದಲ ಎಸೆತಕ್ಕೇ ಹತ್ತೂ ಬೀಳಿಸದೆ, 190! ಇದು ಗೊತ್ತಾದ ಮೇಲೆ ನಾನು ಸ್ಟ್ರೈಕ್ ಆಸೆ ಬಿಟ್ಟು ಉಳಿದ ಪಿನ್ ತೆಗೆಯೋದನ್ನೇ ಅಭ್ಯಾಸ ಮಾಡಿದೆ. ಬಲಮೂಲೆಯ ಹತ್ತನೇ ಪಿನ್‌ಗೆ ಎಡಕ್ಕೆ ಹೋಗಿ ನಿಂತು ಅಡ್ಡಡ್ಡ ಎಸೆಯಬೇಕು. ಪಕ್ಕದಲ್ಲೇ ಚೆಂಡು ಬಿದ್ದರೆ ವ್ಯರ್ಥವಾಗೋ ಗಟಾರ ಇರೋದರಿಂದ ಕೈ ಹೆದರುತ್ತೆ. ಇವತ್ತಿಗೂ ಹೆದರುತ್ತೆ.

ತೊಂದರೆ ಇಲ್ಲ ಅಂತಲ್ಲ. ಮೊದಲನೆಯದು ದುಡ್ಡು. ಓಟಕ್ಕೆ ಯಾರೂ ಗೇಟಲ್ಲಿ ಕಾಸು ಕೇಳಲ್ಲ, ಇಲ್ಲಿ ಪ್ರತಿ ಆಟಕ್ಕೂ ಕೊಡಬೇಕು, ವಾರಾಂತ್ಯದಲ್ಲಿ ಇನ್ನೂ ಜಾಸ್ತಿ. ಗಲಾಟೆ ಹಾಡು, ನೀಲಿ ದೀಪ, ಪಕ್ಕದ ಲೇನ್‌ನಲ್ಲಿ ಸೆಲ್ಫಿ. ಇದಕ್ಕೆ ನಾನು ಕಂಡುಕೊಂಡ ದಾರಿ ವಾರದ ಮಧ್ಯೆ ಮಧ್ಯಾಹ್ನ ಹೋಗೋದು. ಇನ್ನು ದೇಹಕ್ಕೆ ಬೇಕಾದ ದಣಿವು ಬೌಲಿಂಗಿಂದ ಸಿಗಲ್ಲ, ಅದನ್ನು ಮುಚ್ಚಿಡೋಕೆ ಆಗಲ್ಲ. ಅದಕ್ಕೇ ಓಟವನ್ನು ಪೂರ್ತಿ ಬಿಟ್ಟಿಲ್ಲ. ಹಲ್ಲುಜ್ಜೋ ಥರ ಮಾಡುತ್ತೇನೆ, ಅದರ ಬಗ್ಗೆ ಯಾರ ಹತ್ತಿರವೂ ಮಾತಾಡಲ್ಲ ಅಷ್ಟೇ.

ಒಂಟಿಯಾಗಿರೋದು ಇಷ್ಟ, ತಲೆ ಖಾಲಿಯಾಗಬೇಕು ಅನ್ನುವವರಿಗೆ ಬೌಲಿಂಗ್ ಹೇಳಲ್ಲ ನಾನು, ಅವರಿಗೆ ಓಟವೇ ಸರಿ. ಲೆಕ್ಕ ಹಾಕೋ ಚಟ ಇರುವವರು ಒಮ್ಮೆ ಲೇನ್‌ಗೆ ಹೋಗಿ ನೋಡಿ. ಹೋಗುವಾಗ ಮನೆಯಿಂದಲೇ ಸಾಕ್ಸ್ ತಗೊಂಡು ಹೋಗಿ, ಅಲ್ಲಿ ಕೊಡೋ ಶೂ ಊರೆಲ್ಲ ಹಾಕಿರೋದು. ಆ ಶೂ ಅಡಿ ಜಾರಲೆಂದೇ ಮಾಡಿರುತ್ತಾರೆ, ಅದನ್ನು ಹಾಕಿಕೊಂಡು ಟಾಯ್ಲೆಟ್ ಕಡೆ ಹೋಗಬೇಡಿ. ಅಡಿ ಒದ್ದೆಯಾದರೆ ಕಾಲು ಜಾರದೆ ಅಂಟಿಕೊಳ್ಳುತ್ತೆ, ಚೆಂಡಿನ ಜೊತೆ ನೀವೂ ಲೇನ್ ಮೇಲೆ ಬೀಳುತ್ತೀರಿ.