ಕ್ಷೌರದ ಕತ್ತಿಗೆ ಹಳೆಯ ಮಸೆಕಲ್ಲು

ಮುಂಬಯಿಯ ಸಲೂನುಗಳಲ್ಲಿ ಈಗ ಅರ್ಧ ಬ್ಲೇಡು ಸಿಕ್ಕಿಸುವ ಉಸ್ತರಾ ಬಳಸುತ್ತಾರೆ. ಗಿರಾಕಿಗೊಂದು ಹೊಸ ಬ್ಲೇಡು ಹಾಕುವುದೇ ಸರಿ. ಹೆಪಟೈಟಿಸ್ ಬಿಯಂಥ ರೋಗ ರಕ್ತದಿಂದ ಹರಡುವಾಗ ಒಂದೇ ಕತ್ತಿಯನ್ನು ನಾಲ್ಕು ಮುಖಕ್ಕೆ ಹಚ್ಚುವಂತಿಲ್ಲ. ಇಲ್ಲಿ ಹೇಳುತ್ತಿರುವುದು ಮನೆಯಲ್ಲಿ, ಸ್ವಂತ ಗಡ್ಡಕ್ಕೆ ಮಾತ್ರ ಬಳಸುವ ಹಳೆಯ ಮಡಚುಕತ್ತಿಯ ಮಾತು. ಅದರ ಹರಿತ ಉಳಿಸಲು ನಾನು ನೆಚ್ಚಿರುವುದು ಹಿಂದಿನ ಕ್ಷೌರಿಕರ ಪೆಟ್ಟಿಗೆಯಲ್ಲಿರುತ್ತಿದ್ದ ಪುಟ್ಟ ಕಲ್ಲನ್ನು.

ಸುಮಾರು 5 ಇಂಚು ಉದ್ದ, 2 ಇಂಚು ಅಗಲ, ಅಂಗೈಯಲ್ಲಿ ಕೂರುವಷ್ಟು. ಇದು ಗಣಿಯ ಕಲ್ಲಲ್ಲ, ಕಾರ್ಖಾನೆಯಲ್ಲಿ ಅಚ್ಚು ಹಾಕಿ ಮಾಡಿದ್ದು. ಅಮೆರಿಕದ ಸಂಶೋಧಕ ಎಡ್ವರ್ಡ್ ಅಚೆಸನ್ 1893ರಲ್ಲಿ ಪೇಟೆಂಟ್ ಪಡೆದ ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ಹರಳಿನಿಂದ ಕಾರ್ಬೊರಂಡಮ್ ಕಂಪನಿ ಇಂಥವನ್ನು ಮಾಡುತ್ತಿತ್ತು. ಇಂದಿನ ಸ್ಲೊವೇನಿಯಾದ ಮಾರಿಬೋರ್‌ನಲ್ಲಿ ತಯಾರಾಗುತ್ತಿದ್ದ ಸ್ವಾಟಿ ಕಲ್ಲೂ ಹೆಸರುವಾಸಿ. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಾಗಲಿ, ಪುಣೆಯ ಬುಧವಾರ–ಭಾನುವಾರದ ಜುನಾ ಬಜಾರಿನಲ್ಲಾಗಲಿ ಹಳೆಯ ಕಬ್ಬಿಣದ ರಾಶಿಯ ನಡುವೆ ಹುಡುಕಬೇಕು. ಮಾರುವವರು ಅದನ್ನು ಚಾಕು ಮಸೆಯುವ ಕಲ್ಲೆಂದೇ ತಿಳಿದಿರುತ್ತಾರೆ.

ಕೊಳ್ಳುವ ಮುಂಚೆ ಕಲ್ಲನ್ನು ನೀರಲ್ಲಿ ಅದ್ದಿ ಬಟ್ಟೆಯಿಂದ ಒರೆಸಿ, ಒಂದು ನಿಮಿಷ ಗಾಳಿಗೆ ಹಿಡಿಯಿರಿ. ಮೈಯೆಲ್ಲ ಒಣಗಿದ ಮೇಲೂ ಕೂದಲೆಳೆಯಂಥ ಕಪ್ಪು ಗೆರೆ ಹಸಿಯಾಗಿಯೇ ಉಳಿದರೆ ಅಲ್ಲಿ ಬಿರುಕಿದೆ, ಬಿಟ್ಟುಬಿಡಿ. ಮೂಲೆ ಚೂರು ಹಾರಿದ್ದರೆ ಚಿಂತೆಯಿಲ್ಲ. ಕತ್ತಿ ಓಡಾಡುವ ನಡುಭಾಗದಲ್ಲಿ ಗುಳಿ ಇರಬಾರದು.

ತಂದ ಕಲ್ಲಿನ ಮೇಲೆ ಹಳೆಯ ಎಣ್ಣೆ, ಉಕ್ಕಿನ ಪುಡಿ ಸೇರಿ ಕನ್ನಡಿಯಂಥ ಪದರ ಕಟ್ಟಿರುತ್ತದೆ. ಆ ಪದರ ಇದ್ದಷ್ಟು ದಿನ ಕತ್ತಿ ಬರೀ ಜಾರುತ್ತದೆ, ಮಸೆಯುವುದಿಲ್ಲ. ಪಾತ್ರೆ ತೊಳೆಯುವ ಸೋಪು, ಬಿಸಿಯಿಲ್ಲದ ನೀರು, ಹಳೆಯ ಟೂತ್‌ಬ್ರಷ್ ಸಾಕು. ಕಲ್ಲಿನ ಕಣಗಳನ್ನು ಹಿಡಿದಿರುವ ಅಂಟು ಯಾವುದೆಂದು ಹೊರಗಿನಿಂದ ಹೇಳಲಾಗದು. ಹಾಗಾಗಿ ನಾನು ಕುದಿಸುವುದೂ ಇಲ್ಲ, ಸ್ಪಿರಿಟ್ ತಾಗಿಸುವುದೂ ಇಲ್ಲ.

ನಂತರ ಸಮತಟ್ಟು ಮಾಡುವ ಕೆಲಸ. ಇದರಲ್ಲೇ ಕಲ್ಲಿನ ಗುಣ ನಿರ್ಧಾರವಾಗುವುದು, ಇದನ್ನು ಅವಸರದಲ್ಲಿ ಮುಗಿಸಬೇಡಿ. 8 ಮಿಲಿಮೀಟರ್ ದಪ್ಪದ ಗಾಜಿನ ತುಂಡಿನ ಮೇಲೆ ನೀರು ಹಾಕಿ ಉಜ್ಜುವ ಪಾಲಿಶ್ ಕಾಗದ ಹಾಸಿ. ನಾಗದೇವಿ ಸ್ಟ್ರೀಟಿನಂಥ ಹಾರ್ಡ್‌ವೇರ್ ಗಲ್ಲಿಯಲ್ಲಿ 320, 600, 1000, 2000 ನಂಬರಿನವು ಬಿಡಿಬಿಡಿಯಾಗಿ ಸಿಗುತ್ತವೆ. ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಸೆಂಟಿಮೀಟರಿಗೊಂದರಂತೆ ಅಡ್ಡ–ಉದ್ದ ಗೆರೆ ಎಳೆದು, ನೀರು ಹಾಕುತ್ತಾ 320ರಲ್ಲಿ ಉಜ್ಜಿ. ಎಲ್ಲ ಗೆರೆ ಅಳಿದಾಗ ಕಲ್ಲು ಸಮವಾಗಿದೆ. ಕಾಗದದ ಹರಳು ಸಿಲಿಕಾನ್ ಕಾರ್ಬೈಡು, ಕಲ್ಲೂ ಅದರದೇ ಆಗಿದ್ದರೆ ಎರಡೂ ಸಮಬಲ. ಕಾಗದ ಬೇಗ ಸವೆಯುತ್ತದೆ, ಒಂದು ಹಾಳೆ ಸಾಲದು. ಒಣಗಿದ್ದಾಗ ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. 320ಕ್ಕೇ ನಿಲ್ಲಿಸಿದರೆ ಕಲ್ಲಿನ ಮೈ ತರಿತರಿಯಾಗಿ ಉಳಿದು ಗಡ್ಡ ಉರಿಯುತ್ತದೆ. 2000ದವರೆಗೂ ಹೋದರೆ ಅದೇ ಕಲ್ಲು ಎಷ್ಟೋ ನಯವಾಗಿ ಕೆಲಸ ಮಾಡುತ್ತದೆ. ಕೊನೆಗೆ ನಾಲ್ಕೂ ಅಂಚುಗಳನ್ನು 1 ಮಿಲಿಮೀಟರಿನಷ್ಟು ದುಂಡಗೆ ಮಾಡಿ, ಇಲ್ಲದಿದ್ದರೆ ಚೂಪಾದ ಅಂಚು ಕತ್ತಿಯ ಬಾಯಿಯನ್ನು ಮುಕ್ಕು ಮಾಡುತ್ತದೆ.

ಕಲ್ಲನ್ನು ಯಾವಾಗ ತೆಗೆಯಬೇಕು? ತೊಗಲಿನ ಪಟ್ಟಿಯ ಮೇಲೆ 50 ಸುತ್ತು ಎಳೆದ ಮೇಲೂ ಕತ್ತಿ ಕೂದಲನ್ನು ಜಗ್ಗುತ್ತಿದ್ದರೆ ಮಾತ್ರ. ಬ್ರಷ್ಷಿನಿಂದ ಶೇವಿಂಗ್ ಸೋಪಿನ ತೆಳು ನೊರೆಯನ್ನು ಕಲ್ಲಿಗೆ ಬಳಿಯುತ್ತೇನೆ. ನೊರೆ ಕತ್ತಿಯನ್ನು ಚೂರು ಎತ್ತಿ ಹಿಡಿದು ಉಜ್ಜಾಟವನ್ನು ಮೃದುವಾಗಿಸುತ್ತದೆ. ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ತಾಗಿರಬೇಕು. ಮಸೆಯುವ ಕೋನವನ್ನು ಕಾಯುವುದು ಬೆನ್ನೇ, ಅದನ್ನೆತ್ತಿದರೆ ಕೆಲಸ ಕೆಟ್ಟಿತು. ಬಾಯಿ ಮುಂದಾಗಿ ತಳ್ಳಿ. ಕತ್ತಿಯ ಬಾಯಿ ಕಲ್ಲಿನ ಅಗಲಕ್ಕಿಂತ ಉದ್ದ, ಆದ್ದರಿಂದ ಬುಡದಿಂದ ಶುರುಮಾಡಿ ಓರೆಯಾಗಿ ಎಳೆಯುತ್ತಾ ತುದಿಯಲ್ಲಿ ಮುಗಿಸಬೇಕು. ಬೆನ್ನಿನ ಮೇಲೆ ಮಗುಚಿ ಇನ್ನೊಂದು ಮಗ್ಗುಲು. ಇದು ಒಂದು ಸುತ್ತು. ಕತ್ತಿಯ ತೂಕವನ್ನು ಬಿಟ್ಟರೆ ಬೆರಳಿನ ಒತ್ತಡ ಬೇಡವೇ ಬೇಡ.

3 ಸುತ್ತು, ಹೆಚ್ಚೆಂದರೆ 5. ಈ ಕಲ್ಲು ಬಹಳ ಬೇಗ ಉಕ್ಕು ತಿನ್ನುತ್ತದೆ. ಇನ್ನೂ ಹರಿತವಾಗಲಿ ಎಂದು 20 ಸುತ್ತು ಎಳೆದರೆ ಬಾಯಿ ತೆಳ್ಳಗಾಗಿ ಅಂಚಿನಲ್ಲಿ ಎಳೆಯೇಳುತ್ತದೆ, ಮೊದಲ ಕ್ಷೌರದಲ್ಲೇ ಆ ಎಳೆ ಮುರಿದು ಬಾಯಿ ಗರಗಸವಾಗುತ್ತದೆ. ಹಾಗಾದ ಕತ್ತಿಯನ್ನು ಬೆನ್ನು ಮುಂದಾಗಿ 5 ಸುತ್ತು ಹಗುರವಾಗಿ ಎಳೆದು, ಮತ್ತೆ ಬಾಯಿ ಮುಂದಾಗಿ 2 ಸುತ್ತು ಎಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಮೇಲೆ ಕ್ಯಾನ್ವಾಸ್ ಬಟ್ಟೆಯ ಪಟ್ಟಿಯ ಮೇಲೆ 20, ತೊಗಲಿನ ಮೇಲೆ 40 ಸುತ್ತು, ಎರಡರಲ್ಲೂ ಬೆನ್ನು ಮುಂದೆ. ಕಣ್ಣಿಗೆ ಕಾಣುವ ಮುಕ್ಕು ಇರುವ ಕತ್ತಿಗೆ ಈ ಕಲ್ಲು ಮದ್ದಲ್ಲ. ಅದಕ್ಕೆ 1000 ನಂಬರಿನ ದೊಡ್ಡ ಕಲ್ಲಿನಲ್ಲಿ ಮೊದಲಿನಿಂದ ಬಾಯಿ ಕಟ್ಟಬೇಕು.

ಮುಂಬಯಿಯಲ್ಲಿ ಕತ್ತಿ ಮೊಂಡಾಗುವುದು ಗಡ್ಡದಿಂದ ಅಷ್ಟಲ್ಲ, ಮಳೆಗಾಲದ ತೇವದಿಂದ. ಹಳೆಯ ಕತ್ತಿಗಳು ಕಾರ್ಬನ್ ಉಕ್ಕಿನವು. ಜುಲೈಯಲ್ಲಿ ಬಚ್ಚಲಿನಲ್ಲಿಟ್ಟ ಕತ್ತಿಯನ್ನು 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ: ಬಾಯಿಯುದ್ದಕ್ಕೂ ಸೂಜಿಮೊನೆಯಂಥ ಕಂದು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಮುಂದೆ ಒಂದೊಂದು ಮುಕ್ಕು. ಕ್ಷೌರವಾದ ಕೂಡಲೇ ಒರೆಸಿ, ಒಣ ತೊಗಲಿನ ಮೇಲೆ 10 ಸುತ್ತು ಎಳೆದು, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ ಬಚ್ಚಲಿನಿಂದ ಆಚೆ ಇಡುತ್ತೇನೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ. ಮಸೆಕಲ್ಲಿಗೆ ಯಾವ ಎಣ್ಣೆಯೂ ಬೇಡ: ತೊಳೆದು, ಮಗ್ಗುಲಾಗಿ ನಿಲ್ಲಿಸಿ ಪೂರಾ ಒಣಗಿಸಿ, ಕೆಳಗೆ ಬೀಳದ ಜಾಗದಲ್ಲಿಡಿ. ಮೊಸಾಯಿಕ್ ನೆಲಕ್ಕೆ ಒಮ್ಮೆ ಬಿದ್ದರೆ ಎರಡು ತುಂಡು.