ಕಮ್ಯುನಿಟಿ ಕಾಲೇಜಿನ ಸುದ್ದಿ ಕೈತಪ್ಪದ ಹಾಗೆ ನೋಡ್ಕೊಳೋದು ಹೇಗೆ

ಮದುವೆ ಆಗಿ ಕ್ಯಾಲಿಫೋರ್ನಿಯಾಗೆ ಬಂದು ಎಚ್4ಲ್ಲಿ (ಎಚ್1ಬಿ ಕೆಲಸದ ವೀಸಾ ಇರೋರ ಗಂಡ ಹೆಂಡತಿ ಮಕ್ಕಳಿಗೆ ಕೊಡೋ ವೀಸಾ) ಇದ್ದು ಏನಾದ್ರೂ ಓದೋಣ ಅನ್ಕೊಂಡಿರೋರು, ಮಕ್ಕಳು ಮೊದಲೆರಡು ವರ್ಷ ಹತ್ತಿರದ ಕಮ್ಯುನಿಟಿ ಕಾಲೇಜಲ್ಲಿ ಓದಿ ಆಮೇಲೆ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಹೋಗ್ಲಿ ಅನ್ನೋ ಅಪ್ಪ ಅಮ್ಮಂದಿರು, ನಿಮ್ಮೆಲ್ಲರಿಗೋಸ್ಕರ ಇದನ್ನ ಬರೀತಿದೀನಿ. ಸೇರೋದು ಹೇಗೆ ಅಂತ ಹೇಳೋರು ಬೇಕಾದಷ್ಟು ಜನ ಸಿಕ್ತಾರೆ, ಆದ್ರೆ ಸೇರಿದ ಮೇಲೆ ಕಾಲೇಜಲ್ಲಿ ಏನು ನಡೀತಿದೆ, ಯಾರು ಬಂದ್ರು ಯಾರು ಹೋದ್ರು, ಯಾವ ಸಿಸ್ಟಮ್ ಬದಲಾಯ್ತು ಅನ್ನೋದು ನಮಗೆ ತಿಳಿಯೋದು ಹೇಗೆ ಅಂತ ಯಾರೂ ಹೇಳಲ್ಲ. ನಮ್ಮೂರ ಕಾಲೇಜಲ್ಲಿ ಅಟೆಂಡರ್ ಕ್ಲಾಸಿಗೇ ನೋಟಿಸ್ ತಂದ್ಕೊಡ್ತಿದ್ರು, ಮೇಷ್ಟ್ರು ಪಾಠ ನಿಲ್ಲಿಸಿ ಓದಿ ಹೇಳ್ತಿದ್ರು. ಇಲ್ಲಿ ಹಂಗಿಲ್ಲ, ಸುದ್ದಿ ನಾಕು ಕಡೆ ಚೆಲ್ಲಾಪಿಲ್ಲಿ ಆಗಿರತ್ತೆ, ನಾವೇ ಹೋಗಿ ಆರಿಸ್ಕೋಬೇಕು. ನಾನು ಸಂಜೆ ಹೊತ್ತು ಅಕೌಂಟಿಂಗ್ ಓದ್ದೋಳು, ಇದು ಗೊತ್ತಿಲ್ದೆ ಕೆಲವೊಂದು ಕಳ್ಕೊಂಡೆ, ಅದಕ್ಕೇ ಹೇಳ್ತಿದೀನಿ.

ಮೊದಲು ಕ್ಯಾಲೆಂಡರ್. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜು, 73 ಡಿಸ್ಟ್ರಿಕ್ಟು (ಕಾಲೇಜುಗಳನ್ನ ನಡೆಸೋ ಆಡಳಿತ ಸಂಸ್ಥೆ), ಎಲ್ಲರ ದಿನಾಂಕನೂ ಒಂದೇ ಅಲ್ಲ. ಕ್ಯೂಪರ್ಟಿನೊದ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕ್ವಾರ್ಟರ್ (ಸುಮಾರು ಮೂರು ತಿಂಗಳ ಟರ್ಮ್) ಲೆಕ್ಕದಲ್ಲಿ ನಡೆಯತ್ತೆ, ಫ್ರೀಮಾಂಟಿನ ಓಲೋನಿ, ಸಾಂಟಾ ಕ್ಲಾರಾದ ಮಿಷನ್ ಕಾಲೇಜು ಸೆಮಿಸ್ಟರ್. ಹಂಗಾಗಿ ಫ್ರೆಂಡ್ ಹೇಳಿದ ಡೇಟ್ ನಂಬ್ಕೊಂಡು ಕೂರ್ಬೇಡಿ. ಕ್ಲಾಸ್ ಆಡ್ ಮಾಡೋಕೆ ಕೊನೇ ದಿನ, ದುಡ್ಡು ವಾಪಸ್ ಬರೋ ಹಾಗೆ ಡ್ರಾಪ್ ಮಾಡೋಕೆ ಕೊನೇ ದಿನ, ಮಾರ್ಕ್ಸ್ ಕಾರ್ಡಲ್ಲಿ ಡಬ್ಲ್ಯೂ (ಕ್ಲಾಸ್ ಅರ್ಧಕ್ಕೆ ಬಿಟ್ಟ ಗುರುತು) ಬೀಳದ ಹಾಗೆ ಬಿಡೋಕೆ ಕೊನೇ ದಿನ, ಡಬ್ಲ್ಯೂ ಬಿದ್ರೂ ಪರವಾಗಿಲ್ಲ ಅಂತ ಬಿಡೋಕೆ ಕೊನೇ ದಿನ, ಈ ನಾಕನ್ನ ಫೋನಲ್ಲಿ ಹಾಕ್ಕೊಳಿ. ಆರು ವಾರದ ಚಿಕ್ಕ ಕ್ಲಾಸ್ ತಗೊಂಡ್ರೆ ಅದರ ಡೇಟೇ ಬೇರೆ ಇರತ್ತೆ, ಕಾಲೇಜಿನ ಪೋರ್ಟಲಲ್ಲಿ (ಕ್ಲಾಸಿಗೆ ಸೇರೋ ವೆಬ್‌ಸೈಟ್) ಆಯಾ ಕ್ಲಾಸಿನ ಪಕ್ಕದಲ್ಲೇ ನೋಡಿ. ಸೆಮಿಸ್ಟರ್ ಕಾಲೇಜುಗಳಲ್ಲಿ ರೆಸಿಡೆಂಟ್ (ಫೀ ಲೆಕ್ಕದಲ್ಲಿ ಈ ರಾಜ್ಯದ ನಿವಾಸಿ) ಆದ್ರೆ ಒಂದು ಕ್ರೆಡಿಟ್ ಅಥವಾ ಯೂನಿಟ್‌ಗೆ 46 ಡಾಲರ್, ಅಲ್ಲದಿದ್ರೆ ಅದರ ಎಷ್ಟೋ ಪಟ್ಟು, ಆದ್ದರಿಂದ ಒಂದು ದಿನ ತಪ್ಪಿದ್ರೂ ಹೊಡೆತ ಜೋರಾಗೇ ಬೀಳತ್ತೆ. ಇನ್ನೊಂದು, ಎಚ್4ಲ್ಲಿ ಇರೋರೂ ಒಂದು ವರ್ಷ ಒಂದು ದಿನ ಈ ರಾಜ್ಯದಲ್ಲಿದ್ದು ಇಲ್ಲೇ ನೆಲೆಸೋ ಉದ್ದೇಶಕ್ಕೆ ದಾಖಲೆ ತೋರಿಸಿದ್ರೆ ರೆಸಿಡೆಂಟ್ ದರ ಕೇಳ್ಬೋದು, ತುಂಬಾ ಜನ ಇದನ್ನ ಕೇಳೋದೇ ಇಲ್ಲ.

ಈವೆಂಟ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ, ಕ್ಲಬ್ ಡೇ, ವೆಲ್ಕಮ್ ವೀಕ್ ಎಲ್ಲಾ ಕಾಲೇಜಿನ ಮುಖಪುಟದಲ್ಲೇ ಸಿಗತ್ತೆ, ಹೋಗಿ, ಜನ ಪರಿಚಯ ಆಗ್ತಾರೆ. ತಪ್ಪಿಸ್ಕೋಬಾರದ್ದು ಅಂದ್ರೆ, ಮುಂದೆ ಯೂನಿವರ್ಸಿಟಿಗೆ ಸೇರೋಕೆ ಸಹಾಯ ಮಾಡೋ ಟ್ರಾನ್ಸ್‌ಫರ್ ಸೆಂಟರಿನ ವರ್ಕ್‌ಶಾಪ್‌ಗಳು. ಯುಸಿಗೆ ಹೋಗೋ ಮಕ್ಕಳಿಗೆ ಟ್ಯಾಗ್ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಅಂತ ಒಂದಿದೆ, ಷರತ್ತು ಪೂರೈಸಿದ್ರೆ ಸೀಟ್ ಗ್ಯಾರಂಟಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್ ಕೊಡತ್ತೆ, ಬರ್ಕ್ಲಿ, ಲಾಸ್ ಏಂಜಲೀಸ್, ಸಾನ್ ಡಿಯಾಗೊ ಕೊಡಲ್ಲ. ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ ಮಾತ್ರ. ಕ್ವಾರ್ಟರ್ ಕಾಲೇಜಲ್ಲಿ ಸೆಪ್ಟೆಂಬರ್ ಕೊನೇಲಿ ಕ್ಲಾಸೇ ಶುರು ಆಗೋದು, ಕಾಲೇಜು ತೆಗೀಲಿ ಆಮೇಲೆ ನೋಡೋಣ ಅಂತ ಕೂತ್ರೆ ಟೈಮ್ ಮುಗ್ದೋಗಿರತ್ತೆ, ಬೇಸಿಗೆಯಲ್ಲೇ ಕೌನ್ಸಿಲರ್‌ನ ನೋಡ್ಬಿಡಿ.

ಈಗ ನನಗೆ ತುಂಬಾ ಮುಖ್ಯ ಅನ್ಸೋ ವಿಷಯ, ಸ್ಟಾಫ್. ಕ್ಲಾಸ್ ಪಟ್ಟೀಲಿ ಪ್ರೊಫೆಸರ್ ಹೆಸರಿನ ಜಾಗದಲ್ಲಿ ಬರೀ ಸ್ಟಾಫ್ ಅಂತ ಇದ್ರೆ ಇನ್ನೂ ಯಾರು ಅಂತ ಗೊತ್ತಾಗಿಲ್ಲ ಅಂತ ಅರ್ಥ. ಪಾಠ ಮಾಡೋರಲ್ಲಿ ತುಂಬಾ ಜನ ಪಾರ್ಟ್ ಟೈಮ್, ನಮ್ಮ ಕಡೆ ಅತಿಥಿ ಉಪನ್ಯಾಸಕರು ಇದಾರಲ್ಲ, ಹೆಚ್ಚೂಕಮ್ಮಿ ಅದೇ ಪಾಡು. ರಾಜ್ಯದ ಕಾನೂನಿನ ಪ್ರಕಾರ ಒಂದು ಡಿಸ್ಟ್ರಿಕ್ಟಲ್ಲಿ ಇವರಿಗೆ ಫುಲ್ ಟೈಮಿನ ಶೇ. 67ಕ್ಕಿಂತ ಜಾಸ್ತಿ ಪಾಠ ಕೊಡೋ ಹಾಗಿಲ್ಲ, ಹಂಗಾಗಿ ಸಂಬಳ ಸಾಲದೆ ಬೆಳಿಗ್ಗೆ ಒಂದು ಕಾಲೇಜು ಸಂಜೆ ಇನ್ನೊಂದು ಕಾಲೇಜು ಅಂತ ಕಾರಲ್ಲೇ ಓಡಾಡ್ತಿರ್ತಾರೆ, ಅವರನ್ನ ಫ್ರೀವೇ ಫ್ಲೈಯರ್ ಅಂತಾನೇ ಕರೀತಾರೆ. ಫುಲ್ ಟೈಮ್ ಪ್ರೊಫೆಸರ್ ಕ್ಲಾಸಿಗೆ ಮಕ್ಕಳು ಸೇರದೆ ಕ್ಯಾನ್ಸಲ್ ಆದ್ರೆ ಪಾರ್ಟ್ ಟೈಮಿನೋರ ಕ್ಲಾಸನ್ನ ಅವರಿಗೆ ಕೊಡೋದೂ ಉಂಟು, ಅದೂ ಟರ್ಮ್ ಶುರು ಆಗೋಕೆ ಸ್ವಲ್ಪ ದಿನ ಇರುವಾಗ. ನನಗೆ ಕಾಸ್ಟ್ ಅಕೌಂಟಿಂಗ್ ಹೇಳ್ಕೊಟ್ಟ ಮೇಡಂ ಅಷ್ಟು ಚೆನ್ನಾಗಿ ಹೇಳ್ಕೊಟ್ಟಿದ್ರು, ಮುಂದಿನ ವರ್ಷ ಅಪ್ಲೈ ಮಾಡುವಾಗ ಅವರ ಹತ್ರಾನೇ ರೆಕಮೆಂಡೇಶನ್ ಲೆಟರ್ ಕೇಳೋಣ ಅಂತಿದ್ದೆ. ಮುಂದಿನ ಟರ್ಮಿಗೆ ಅವರಿಗೆ ಕ್ಲಾಸ್ ಸಿಗ್ಲಿಲ್ಲ, ಕಾಲೇಜಿನ ಇಮೇಲೂ ಬಂದ್ ಆಯ್ತು, ನಾನು ಕಳಿಸಿದ ಮೇಲ್ ಎರಡು ಸಲ ವಾಪಸ್ ಬಂತು. ಇವತ್ತಿಗೂ ಅವರಿಗೆ ಒಂದು ಥ್ಯಾಂಕ್ಸ್ ಹೇಳೋಕೆ ಆಗ್ಲಿಲ್ಲ ಅಂತ ಬೇಜಾರಿದೆ.

ಅದಕ್ಕೇ ನೀವು ಟರ್ಮಿನ ಕೊನೇ ವಾರದಲ್ಲೇ ಕೇಳ್ಬಿಡಿ, ಮೇಡಂ ಮುಂದೆ ಲೆಟರ್ ಬೇಕಾಗ್ಬೋದು, ನಿಮ್ಮನ್ನ ಹೇಗೆ ಕಾಂಟ್ಯಾಕ್ಟ್ ಮಾಡ್ಲಿ ಅಂತ. ಸಿಲಬಸ್ ಡೌನ್‌ಲೋಡ್ ಮಾಡಿ ಇಟ್ಕೊಳಿ, ಬೇರೆ ಯೂನಿವರ್ಸಿಟಿಯೋರು ಕ್ರೆಡಿಟ್ ಕೊಡೋಕೆ ಅದನ್ನೇ ಕೇಳೋದು, ಟರ್ಮ್ ಮುಗಿದ ಮೇಲೆ ಕ್ಯಾನ್ವಾಸಲ್ಲಿ (ಪಾಠ, ಹೋಮ್‌ವರ್ಕ್ ಎಲ್ಲಾ ಇರೋ ಆನ್‌ಲೈನ್ ತಾಣ) ಆ ಕ್ಲಾಸ್ ತೆರೆದಿರತ್ತೆ ಅಂತ ಹೇಳೋಕಾಗಲ್ಲ.

ಯಾರು ಸೇರ್ತಿದಾರೆ, ಯಾರು ರಿಟೈರ್ ಆಗ್ತಿದಾರೆ, ಡೀನ್ ಯಾರು ಅನ್ನೋದು ಮೊದಲು ಗೊತ್ತಾಗ್ಬೇಕಾ, ಡಿಸ್ಟ್ರಿಕ್ಟಿನ ಬೋರ್ಡ್ ಆಫ್ ಟ್ರಸ್ಟೀಸ್ (ಆಡಳಿತ ಮಂಡಳಿ) ಮೀಟಿಂಗ್ ಅಜೆಂಡಾ ತೆಗೀರಿ. ಇಂಥ ಸಂಸ್ಥೆಗಳ ಮೀಟಿಂಗ್ ಜನರಿಗೆ ತೆರೆದಿರ್ಬೇಕು ಅನ್ನೋ 1953ರ ಬ್ರೌನ್ ಆಕ್ಟ್ ಪ್ರಕಾರ ಮಾಮೂಲಿ ಮೀಟಿಂಗಿಗೆ 72 ಗಂಟೆ ಮುಂಚೆ ಅಜೆಂಡಾನ ಎಲ್ಲರಿಗೂ ಕಾಣೋ ಹಾಗೆ ಹಾಕ್ಲೇಬೇಕು. ಅದರಲ್ಲಿ ಪರ್ಸನೆಲ್ ಅಥವಾ ಹ್ಯೂಮನ್ ರಿಸೋರ್ಸಸ್ ಅಂತ ಒಂದು ಭಾಗ ಇರತ್ತೆ, ನೇಮಕ ರಾಜೀನಾಮೆ ನಿವೃತ್ತಿ ಎಲ್ಲಾ ಅಲ್ಲೇ. ಹೊಸ ಸಾಫ್ಟ್‌ವೇರಿನ ದೊಡ್ಡ ಕಾಂಟ್ರಾಕ್ಟೂ ಅಲ್ಲಿಗೇ ಬರತ್ತೆ, ಅಂದ್ರೆ ಪೋರ್ಟಲ್ ಬದಲಾಗೋ ಸುಳಿವು ನಿಮಗೆ ತಿಂಗಳುಗಟ್ಲೆ ಮುಂಚೆ ಸಿಗತ್ತೆ. ಡಿ ಆಂಜಾದ ಫ್ಲಿಂಟ್ ಸೆಂಟರ್ ಗೊತ್ತಲ್ವಾ, 1984ರ ಜನವರಿ 24ಕ್ಕೆ ಸ್ಟೀವ್ ಜಾಬ್ಸ್ ಮೊದಲ ಮ್ಯಾಕಿಂತೋಷ್ ತೋರಿಸಿದ ಸಭಾಂಗಣ, ಅದನ್ನ ಮುಚ್ಚೋ ತೀರ್ಮಾನ 2019ರಲ್ಲಿ ಆಗಿದ್ದು ಇಂಥ ಬೋರ್ಡ್ ಮೀಟಿಂಗಲ್ಲೇ. ವೀಸಾ ಏನೇ ಇರ್ಲಿ, ಯಾರು ಬೇಕಾದ್ರೂ ಹೋಗಿ ಕೂರ್ಬೋದು, ಪಬ್ಲಿಕ್ ಕಾಮೆಂಟ್ ಟೈಮಲ್ಲಿ ಮಾತಾಡ್ಬೋದು. ನಿಮ್ಮ ಸಂಜೆ ಕ್ಲಾಸ್ ರದ್ದು ಮಾಡ್ತಿದಾರೆ ಅಂತ ಗೊತ್ತಾದ್ರೆ ದಯವಿಟ್ಟು ಹೋಗಿ ಹೇಳಿ, ಕೆಲಸ ಮನೆ ಎರಡೂ ನೋಡ್ಕೊಂಡು ಓದೋರ ಕಷ್ಟ ನಾವು ಹೇಳಿದ್ರೆ ತಾನೇ ಅವರಿಗೆ ಗೊತ್ತಾಗೋದು.

ಇನ್ನು ಟೆಕ್ನಾಲಜಿ. ಕ್ಯಾನ್ವಾಸಲ್ಲಿ ಅಕೌಂಟ್ ಒಳಗೆ ನೋಟಿಫಿಕೇಶನ್ಸ್‌ಗೆ ಹೋಗಿ ಅನೌನ್ಸ್‌ಮೆಂಟ್, ಡ್ಯೂ ಡೇಟ್ ಎರಡನ್ನೂ ತಕ್ಷಣ ಬರೋ ಹಾಗೆ ಇಡಿ, ಮಿಕ್ಕಿದ್ದು ದಿನಕ್ಕೊಂದು ಸಲ ಬಂದ್ರೆ ಸಾಕು, ಎಲ್ಲಾ ಆನ್ ಮಾಡಿದ್ರೆ ಮೇಲ್ ರಾಶಿ ಬಿದ್ದು ಮುಖ್ಯವಾದ್ದೇ ಮುಳುಗೋಗತ್ತೆ. ಈಚೆಗೆ ಹಣಕಾಸಿನ ನೆರವು ಕದಿಯೋಕೆ ಸುಳ್ಳು ಹೆಸರಲ್ಲಿ ಸೇರೋರ ಕಾಟ ವಿಪರೀತ ಆಗಿದೆ, ಘೋಸ್ಟ್ ಸ್ಟೂಡೆಂಟ್ಸ್ ಅಂತಾರೆ. ಅದರಿಂದ ಆನ್‌ಲೈನ್ ಕ್ಲಾಸಲ್ಲಿ ಮೊದಲ ವಾರ ಕಾಣಿಸ್ಕೊಳ್ದೇ ಇದ್ದೋರನ್ನ ಪ್ರೊಫೆಸರ್ ತೆಗೆದುಹಾಕ್ತಾರೆ. ಬರೀ ಲಾಗಿನ್ ಆದ್ರೆ ಸಾಲದು, ಮೊದಲನೇ ದಿನಾನೇ ಪರಿಚಯದ ಪೋಸ್ಟೋ ಕ್ವಿಜ್ಜೋ ಏನು ಕೊಟ್ಟಿದಾರೋ ಅದನ್ನ ಮುಗಿಸಿ.

ಕಾಲೇಜ್ ಇಮೇಲಿಗೆ ಪರ್ಸನಲ್ ಅಸಿಸ್ಟೆಂಟ್ ಕೆಲಸ ಇದೆ ಅಂತ ಪ್ರೊಫೆಸರ್ ಹೆಸರಲ್ಲೇ ಬರ್ಬೋದು, ಚೆಕ್ ಕಳಿಸಿ ಅದನ್ನ ಡೆಪಾಸಿಟ್ ಮಾಡಿ ಸ್ವಲ್ಪ ದುಡ್ಡು ಬೇರೆಯವರಿಗೆ ಕಳಿಸು ಅಂತಾರೆ, ಆಮೇಲೆ ಚೆಕ್ ಬೌನ್ಸ್ ಆಗಿ ನಿಮ್ಮ ದುಡ್ಡು ಹೋಗತ್ತೆ. ಎಚ್4ಲ್ಲಿ ಇಎಡಿ (ಕೆಲಸ ಮಾಡೋಕೆ ಅನುಮತಿ ಪತ್ರ) ಇಲ್ದೆ ಇರೋರಂತೂ ಕ್ಯಾಂಪಸ್ ಒಳಗೂ ಸಂಬಳದ ಕೆಲಸ ಮಾಡೋ ಹಾಗಿಲ್ಲ, ಆ ಮೇಲ್ ತೆರೆಯೋದೇ ಬೇಡ.

ಊರಿಗೆ ಹೋಗೋರಿಗೆ ಎರಡು ಮಾತು. ಆನ್‌ಲೈನ್ ಕ್ಲಾಸ್ ಇಟ್ಕೊಂಡು ಬೇಸಿಗೆಯಲ್ಲಿ ಮೈಸೂರಿಗೆ ಹೋದ್ರೆ, ಇಲ್ಲಿ ರಾತ್ರಿ 11:59ರ ಡೆಡ್‌ಲೈನ್ ಅಲ್ಲಿ ಮಾರನೇ ದಿನ ಮಧ್ಯಾಹ್ನ 12:29, ಡಿಸೆಂಬರಲ್ಲಾದ್ರೆ 1:29. ಶನಿವಾರ ರಾತ್ರಿ ಪೋರ್ಟಲ್ ಮೇಂಟೆನೆನ್ಸ್ ಅಂದ್ರೆ ನಮಗೆ ಭಾನುವಾರ ಹಗಲು, ಕುಂತು ಓದೋಣ ಅನ್ಕೊಂಡ ಹೊತ್ತಿಗೇ ಪೋರ್ಟಲ್ ಬಂದ್ ಇರತ್ತೆ. ಇನ್ನೊಂದು ಲಾಗಿನ್ ಕೋಡ್. ಅಮೆರಿಕಾ ಸಿಮ್ ತೆಗೆದು ಊರಿನ ಸಿಮ್ ಹಾಕಿದ ಮೇಲೆ ಮೆಸೇಜಲ್ಲಿ ಬರೋ ಕೋಡ್ ಬರಲ್ಲ, ನಾನು ಅಮ್ಮನ ಮನೇಲಿ ಕೂತು ಫೈನಲ್ ಹಿಂದಿನ ದಿನ ಒಳಗೇ ಹೋಗೋಕಾಗ್ದೆ ಅತ್ತಿದೀನಿ, ಹೆಲ್ಪ್ ಡೆಸ್ಕ್ ತೆಗೆಯೋ ಹೊತ್ತಿಗೆ ಊರಲ್ಲಿ ರಾತ್ರಿ ಊಟ ಆಗಿತ್ತು. ಆದ್ದರಿಂದ ಟಿಕೆಟ್ ಬುಕ್ ಮಾಡಿದ ದಿನಾನೇ ಆಥೆಂಟಿಕೇಟರ್ ಆ್ಯಪ್ ಸೆಟ್ ಮಾಡಿ, ಅದಕ್ಕೆ ಸಿಮ್ ಬೇಡ. ಬ್ಯಾಕಪ್ ಕೋಡ್ ಕೊಟ್ರೆ ಚೀಟೀಲಿ ಬರ್ಕೊಂಡು ಪಾಸ್‌ಪೋರ್ಟ್ ಜೊತೆ ಇಟ್ಕೊಳಿ, ಸಿಮ್ ತೆಗೆದು ಬರೀ ವೈಫೈಲಿ ಒಂದು ಸಲ ಲಾಗಿನ್ ಆಗಿ ನೋಡಿ, ಆದ ಮೇಲೇ ಸೂಟ್‌ಕೇಸ್ ತೆಗೀರಿ.